ಕಂಬದ ತಲೆಯ ಲೆಕ್ಕ

ನಮ್ಮ ಉಸ್ತಾದರ ಎಡ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಉಳಿ ತಿಂದಿತ್ತು. ಆ ಬೋಳು ತುದಿಯನ್ನು ಮರದ ಅಂಚಿನ ಮೇಲೆ ಒಮ್ಮೆ ಎಳೆದರೆ ಕೂದಲೆಳೆಯಷ್ಟು ಏರುಪೇರೂ ಸಿಕ್ಕಿಬೀಳುತ್ತಿತ್ತು. ಮನೆಯಲ್ಲಿ ದಖ್ಖನಿ, ಮುಳಬಾಗಿಲ ಕಡೆಯ ಗಿರಾಕಿಗಳೊಂದಿಗೆ ತೆಲುಗು, ನನ್ನನ್ನು ಬೈಯುವುದಕ್ಕೆ ಕನ್ನಡ. ಕೋಲಾರದಲ್ಲಿದ್ದ ಅವರ ಮರಗೆಲಸದ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದೆ.

ನಾನು ಆವನಿಯವನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ಕೆಲಸದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ ಎಂಬ ಹಮ್ಮು ನನ್ನದು.

ಎರಡನೇ ಮಹಾಯುದ್ಧದ ದಿನಗಳಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಚಿತ್ರದ ಹಾಳೆಯೊಂದನ್ನು ಹಿಡಿದು ಬಂದರು. ಮೂಲೆಗಳನ್ನು ಕತ್ತರಿಸಿದ ಮೂರು ಗಟ್ಟಿ ಆಕಾರಗಳು. ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ತಲೆಗೆ ಹತ್ತುತ್ತಿಲ್ಲ, ಮರದಲ್ಲಿ ಮಾಡಿಕೊಡಿ ಎಂದರು. ಕರಾರು ಒಂದೇ: ಒಂದು ಆಕಾರದ ಅಂಚುಗಳೆಲ್ಲ ಒಂದೇ ಅಳತೆ ಇರಬೇಕು. ಉಸ್ತಾದರು ಕೆಲಸವನ್ನು ನನಗೆ ಒಪ್ಪಿಸಿದರು.

ಮೊದಲನೆಯದು ನಾಲ್ಕು ತ್ರಿಕೋನದ್ದು. ಪ್ರತಿ ಅಂಚನ್ನೂ ಮೂರು ಪಾಲು ಮಾಡಿ, ಮೂಲೆಯ ಕಡೆಯ ಪಾಲು ಹಾರಿಹೋಗುವಂತೆ ಕತ್ತರಿಸಿದೆ. ಒಂದೊಂದು ತ್ರಿಕೋನವೂ ಆರು ಸಮಬದಿಯದಾಯಿತು. ಮೂಲೆ ಹೋದಲ್ಲೆಲ್ಲ ಪುಟ್ಟ ತ್ರಿಕೋನ ಹುಟ್ಟಿತು. ಮೇಷ್ಟ್ರು ಮೆಚ್ಚಿದರು. ಅದೇ ಗತ್ತಿನಲ್ಲಿ ಎರಡನೆಯದಕ್ಕೆ, ದಾಳದಂಥ ಘನಕ್ಕೆ, ಕೈಹಾಕಿದೆ. ಅದರ ಅಂಚನ್ನೂ ಮೂರು ಪಾಲು ಮಾಡಿ ಎಂಟು ಮೂಲೆಯನ್ನೂ ಹಾರಿಸಿದೆ.

ಮೇಷ್ಟ್ರು ಕೈವಾರ ಇಟ್ಟು ನೋಡಿದರು. "ಒಂದೊಂದು ಮುಖಕ್ಕೂ ಎಂಟು ಬದಿ ಬಂದಿದೆ. ಆದರೆ ನಾಲ್ಕು ಗಿಡ್ಡ, ನಾಲ್ಕು ಉದ್ದ."

"ಅಳೆದೇ ಕೊಯ್ದಿದ್ದೀನಿ ಸ್ವಾಮಿ. ಮೂರು ಪಾಲೂ ಸಮ."

"ಅದೇ ತಪ್ಪು. ನಾಲ್ಕನೇ ಕ್ಲಾಸಿನ ಲೆಕ್ಕ ಇದಕ್ಕೆ ಸಾಲದಪ್ಪ. ಬೆಂಗಳೂರಿಗೆ ಬರೆದು ತರಿಸ್ತೀನಿ."

ನನ್ನ ಮುಖ ಉರಿಯಿತು. ಉಸ್ತಾದರು ತಣ್ಣಗೆ, "ಶನಿವಾರದ ತನಕ ತಡೀರಿ ಮೇಷ್ಟ್ರೇ" ಎಂದರು.

ಒಣಗಿದ ಮರ ಯುದ್ಧದ ದೆಸೆಯಿಂದ ಆಗ ಎಲ್ಲೂ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಉಳಿದಿದ್ದುದು ಒಂದೇ ತೇಗದ ತುಂಡು. ಇದೂ ಕೆಟ್ಟರೆ ಕೆಲಸ ಕೈಬಿಟ್ಟಂತೆ.

"ನೀವೇ ಮಾಡಿ ಉಸ್ತಾದ್."

"ಕೆಡಿಸಿದ್ದು ಯಾರ ಕೈ?"

"ನಂದೇ."

"ಮತ್ತೆ ನನ್ನ ಕೈ ಯಾಕ್ಲಾ ಕೇಳ್ತೀಯ?"

ಎರಡು ದಿನ ಹಾಳೆಯ ಮೇಲೆ ಗೆರೆ ಎಳೆದೆ, ಅಳಿಸಿದೆ. ಹೊಂದಲಿಲ್ಲ. ಬಿಡಲೂ ಇಲ್ಲ. ಮೂರನೆಯ ದಿನ ಉಸ್ತಾದರು ಹತ್ತಿರ ಬಂದು ಕೂತರು.

"ಹೋಳೂರಿನ ಮನೆ ಕಂಬಕ್ಕೆ ಎಂಟುಪಟ್ಟೆ ಹೆಂಗ್ ತೆಗ್ದೆ?"

"ಕಂಬದ ತಲೆ ಮೇಲೆ, ಮೂಲೆಗೆ ಕೈವಾರ ಊರಿ ನಡುಮಧ್ಯಕ್ಕೆ ಅಗಲಿಸಿದೆ. ಅಲ್ಲಿಂದ ಅಂಚಿಗೆ ತಿರುಗಿಸಿ ಗುರುತು ಹಾಕ್ದೆ."

"ಮೂರು ಪಾಲು ಮಾಡ್ಲಿಲ್ವಾ?"

"ಹಂಗ್ ಮಾಡಿದ್ರೆ ಪಟ್ಟೆ ಒಂದು ದೊಡ್ದು ಒಂದು ಚಿಕ್ದು..."

ಘನದ ಮುಖವೂ ಕಂಬದ ತಲೆಯ ಹಾಗೇ ಚೌಕ ಎಂದು ಆಗ ಹೊಳೆಯಿತು. ಉಸ್ತಾದರು ತೇಗದ ತುಂಡನ್ನು ನನ್ನ ಮುಂದೆ ಒಂದು ಸುತ್ತು ಹೊರಳಿಸಿದರು. "ಇದಕ್ಕೆ ಆರು ತಲೆ. ಅಷ್ಟೇ ಕಣೋ."

ನೂರಾರು ಕಂಬಕ್ಕೆ ಹಾಕಿದ ಗೆರೆಯನ್ನೇ ಆರು ಮುಖಕ್ಕೂ ಹಾಕಿದೆ. ಗರಗಸ ಹಿಡಿದು ಎಂಟು ಮೂಲೆಯನ್ನೂ ಹಾರಿಸಿದೆ.

ಶನಿವಾರ ಮೇಷ್ಟ್ರು ಮೂವತ್ತಾರು ಅಂಚಿನ ಮೇಲೂ ಕೈವಾರ ನಡೆಸಿದರು. ಎಲ್ಲೂ ತಪ್ಪಲಿಲ್ಲ. "ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

"ಅವನಿಗೇ ಗೊತ್ತಿತ್ತು ಮೇಷ್ಟ್ರೇ, ಸ್ವಲ್ಪ ಮರ್ತಿದ್ದ" ಎಂದರು ಉಸ್ತಾದರು.

ಮೂರನೆಯದು ಇಪ್ಪತ್ತು ತ್ರಿಕೋನದ್ದು. ಅದಕ್ಕೆ ಬೇಕಾದ ಮರ ಸಿಗುವ ಹೊತ್ತಿಗೆ ಉಸ್ತಾದರು ಜ್ವರ ಹಿಡಿದು ಮಲಗಿದರು, ಏಳಲಿಲ್ಲ. ಜನಾಜಾಕ್ಕೆ ನಾನೂ ಹೆಗಲು ಕೊಟ್ಟು, ಮಾರನೆಯ ದಿನವೇ ಅಂಗಡಿ ತೆರೆದೆ. ತ್ರಿಕೋನವಾದ್ದರಿಂದ ಇಲ್ಲಿ ಮೂರು ಪಾಲೇ ಸರಿ. ಹನ್ನೆರಡು ಮೂಲೆ ಕತ್ತರಿಸಲು ಒಂದು ತಿಂಗಳು ಹಿಡಿಯಿತು.

ಶಾಲೆಗೆ ನಾನೇ ಒಯ್ದುಕೊಟ್ಟೆ. ಮೇಷ್ಟ್ರು ಅದರ ಕೆಳಗಿಡಲು ಒಂದು ಚೀಟಿ ತೆಗೆದು, "ಮಾಡಿದವರು ಅಂತ ನಿನ್ನ ಹೆಸರು ಹಾಕ್ತೀನಿ" ಎಂದರು. ಕೈಯಾರೆ ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಬಿಟ್ಟುಕೊಡುವ ಪೈಕಿ ನಾನಲ್ಲ. ಅಂದು ಮಾತ್ರ ಪೆನ್ನು ಕೇಳಿ ಪಡೆದು, ದಪ್ಪ ಅಕ್ಷರದಲ್ಲಿ, ಒಂದು ಒತ್ತೂ ತಪ್ಪದ ಹಾಗೆ, ಉಸ್ತಾದರ ಹೆಸರು ಬರೆದೆ.