ಕಲ್ಲಿನ ಮೇಲೆ ನಿಂತ ಕಾರು

ಆ ಭಾನುವಾರ ಬೆಳಗ್ಗೆ ನನ್ನ ಗಂಡ ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದರು. ನಾನು ಅಂಗಳಕ್ಕೂ ಅಡುಗೆಮನೆಗೂ ಸುಮ್ಮನೆ ಓಡಾಡುತ್ತಿದ್ದೆ. ಒಳಗೆ ಕೆಲಸವೇನೂ ಉಳಿದಿರಲಿಲ್ಲ. ಹಾಲು ಕಾದಿತ್ತು, ರೊಟ್ಟಿ ಬಡಿದಾಗಿತ್ತು. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತೋಚುತ್ತಿರಲಿಲ್ಲ. ಹೊರಗೆ ಬಂದಾಗಲೆಲ್ಲ ಮೊದಲು ನೋಡುತ್ತಿದ್ದುದು ಕಾರಿನ ಅಂಚಿನಿಂದ ಈಚೆ ಚಾಚಿದ್ದ ಅವರ ಪಾದಗಳನ್ನು. ಅವು ಅಲುಗಿದರೆ ಒಳಗೆ ಹೋಗುತ್ತಿದ್ದೆ.

ಅಂದು ನಡೆದದ್ದನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಏನಾದರೊಂದು ಸೇರಿಕೊಂಡುಬಿಡುತ್ತದೆ. ಇಲ್ಲಿ ನಾನು ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ನಮ್ಮ ಮನೆ ಶಹಾಬಾದಿನಲ್ಲಿ. ನನ್ನ ತವರು ಚಿಂಚೋಳಿ. ವಾಡಿ, ಚಿತ್ತಾಪುರ, ಸೇಡಂ ದಾಟಿ ಹೋಗುವ ಆ ದಾರಿಯಲ್ಲಿ ಕಾರಿಗೆ ಮೊದಲು ತ್ರಾಸು ಕಾಣಿಸಿದ್ದು ಸೇಡಂ ಆಚೆಯ ಒಂದು ಏರಿನಲ್ಲಿ. ಎಷ್ಟು ಒತ್ತಿದರೂ ಗಾಡಿ ಎಳೆಯಲಿಲ್ಲ. ಸಿಮೆಂಟ್ ತುಂಬಿದ ಲಾರಿಗಳು ಸಹ ಹಾರ್ನ್ ಹೊಡೆದು ನಮ್ಮನ್ನು ದಾಟಿಹೋದವು. ಕಾಲ ಕೆಳಗಿನಿಂದ ಡಬ್ಬಿಯಲ್ಲಿ ಹರಳು ಹಾಕಿ ಅಲುಗಾಡಿಸಿದಂಥ ಸದ್ದು ಬರುತ್ತಿತ್ತು.

ಮರಳಿ ಬರುವಾಗ ಸೇಡಂನ ಮೆಕ್ಯಾನಿಕ್ ಒಬ್ಬನಿಗೆ ತೋರಿಸಿದೆವು. ಅವನು ಕೆಳಗೆ ಬಗ್ಗಿ, ನಟ್ಟು ಬಿಚ್ಚುವ ಪಾನಾದಿಂದ ಒಂದೇಟು ತಟ್ಟಿ ಎದ್ದ. ಹೋಗಿದ್ದು ಕ್ಯಾಟಲಿಟಿಕ್ ಕನ್ವರ್ಟರ್. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಇರುವ ತಗಡಿನ ಡಬ್ಬಿ ಅದು; ಒಳಗೆ ಜೇನುಗೂಡಿನಂಥ ಕಣ್ಣುಗಳಿರುತ್ತವೆ, ಹೊಗೆಯ ವಿಷ ಅಲ್ಲಿ ಕಡಿಮೆಯಾಗುತ್ತದೆ. ನಮ್ಮದರಲ್ಲಿ ಆ ಗೂಡು ಒಡೆದು ಚೂರುಗಳು ದಾರಿ ಕಟ್ಟಿದ್ದವು.

"ಈ ಡಬ್ಬಿ ಎದಕ ಬೇಕ್ರಿ ಸಾಹೇಬ್ರ? ಕೊಯ್ದು ಒಗೀತೀನಿ. ನಡಕ ಒಂದು ಪೈಪ್ ಹಾಕಿ ವೆಲ್ಡಿಂಗ್ ಹೊಡದ್ರ ಗಾಡಿ ಕುದ್ರಿ ಆಗ್ತದ," ಎಂದ ಮೆಕ್ಯಾನಿಕ್.

ಇವರು ಬೇಡವೆಂದರು. ಇವರು ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ಕೆಲಸದಲ್ಲಿದ್ದಾರೆ. ದಾರಿಯಲ್ಲಿ ನನಗೆ ಹೇಳಿದರು: "ದಿನಾ ಧೂಳ ತಿಂದು ಮನಿಗಿ ಬರ್ತೀನಿ. ಇನ್ನ ನಮ್ಮ ಗಾಡಿ ಹೊಗಿನೂ ಊರಿಗಿ ಉಣಸ್ಲೇನು? ಹೊಸಾದು ತರಸ್ತೀನಿ, ನಾನೇ ಕೂಡಸ್ತೀನಿ."

ಹೊಸ ಡಬ್ಬಿ ಹೈದರಾಬಾದಿನಿಂದ ಬಸ್ಸಿನಲ್ಲಿ ಬಂತು. ಹಿಂದಿನ ಸಂಜೆಯೇ ಅವರು ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಹೊಡೆದಿದ್ದರು. ಬೆಳಗ್ಗೆ ಡಿಕ್ಕಿಯಿಂದ ಸ್ಟೆಪ್ನಿ ಗಾಲಿಯನ್ನು ಎತ್ತಿ ಅಂಗಳದಲ್ಲಿ ಮಲಗಿಸಿದರು; ಡಿಕ್ಕಿಯಲ್ಲಿ ಜಾಕ್ ಅದರ ಅಡಿಗಿತ್ತು. ಕಾರಿನ ಎಡಮಗ್ಗುಲು ಎತ್ತಿ, ಕೈಯಾಡಿಸಲು ಜಾಗವಾಗಲೆಂದು ಮುಂದಿನ ಗಾಲಿ ಬಿಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ ಹಿತ್ತಲಿನಿಂದ ಕಲ್ಲು ತಂದರು.

ನಮ್ಮೂರಲ್ಲಿ ಕಲ್ಲು ಇಲ್ಲದ ಮನೆ ಇಲ್ಲ. ನೆಲಕ್ಕೆ ಹಾಸಿದ್ದು ಅದೇ, ತಲೆಯ ಮೇಲೆ ಹೊದಿಸಿದ್ದೂ ಅದೇ. ಅಡುಗೆಯ ಕಟ್ಟೆ, ಗೋಡೆಯ ಗೂಡು, ಬಟ್ಟೆ ಒಗೆಯುವ ಹಾಸು, ಹಿತ್ತಲ ಬೇಲಿ ಎಲ್ಲವೂ ಫರ್ಸಿ ಕಲ್ಲು. ಮಂಚ ಅಲುಗಿದರೆ ಅದರ ಕಾಲಿಗೆ ಕಲ್ಲಿನ ಚೂರು ಕೊಡುತ್ತೇವೆ. ಹಾಗೆಯೇ ಅವರು ಹಾಸುಗಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಬಾಗಿಲುಗಳ ಕೆಳಗಿನ ಅಂಚಿಗೆ ಮುಂದೊಂದು ಹಿಂದೊಂದು ಗುಡ್ಡೆ ಮಾಡಿ, ಕಾರನ್ನು ಅವುಗಳ ಮೇಲೆ ಇಳಿಸಿದರು. ಕೈಗೆ ಅಡ್ಡ ಬರುತ್ತದೆಂದು ಜಾಕ್ ತೆಗೆದಿಟ್ಟರು. ಕಾರನ್ನು ಒಮ್ಮೆ ಅಲುಗಿಸಿ ನೋಡಿದರು. ಅಲುಗಲಿಲ್ಲ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಓಡಾಡುತ್ತಿದ್ದುದು ಕಲ್ಲಿಗೆ ಹೆದರಿ ಅಲ್ಲ. ಅಷ್ಟು ದೊಡ್ಡದರ ಕೆಳಗೆ ಮನುಷ್ಯ ಮಲಗುವುದೇ ನನಗೆ ಸೇರಿರಲಿಲ್ಲ.

ಅದೇ ಹೊತ್ತಿಗೆ ಅತ್ತೆ ಸಂಡಿಗೆಯ ಹಿಟ್ಟು ಕಾಸಿ ತಂದರು. ಅಂಗಳದಲ್ಲಿ ಅತ್ತೆ ತೊಳೆದಿಟ್ಟ ಜಾಗದ ನಟ್ಟನಡುವೆ ಸ್ಟೆಪ್ನಿ ಬಿದ್ದಿತ್ತು.

"ನೋಡು, ಆ ಹೊಲಸ ಗಾಲಿ ಎಲ್ಲಿ ತಂದು ಒಗದಾನ! ತೆಗಿಯವ್ವ ಅದನ್ನ."

"ಎಲ್ಲಿ ಇಡ್ಲಿ ಅತ್ತಿ?"

"ಎಲ್ಯಾರ ಇಡು. ನನ್ನ ಸಂಡಿಗಿ ಮ್ಯಾಲ ಬ್ಯಾಡ."

ನಾನು ಗಾಲಿ ಉರುಳಿಸಿ ತಂದು, ಕಾರಿನ ಪಕ್ಕ ಮಲಗಿಸಿ, ಕಾಲಿನಿಂದ ಅಡಿಗೆ ತಳ್ಳಿದೆ. ಅದು ಎರಡು ಕಲ್ಲಿನ ಗುಡ್ಡೆಗಳ ನಡುವೆ, ಅವರ ಸೊಂಟದ ಪಕ್ಕ ಹೋಗಿ ನಿಂತಿತು.

"ಏ, ಏನದು?" ಎಂದರು ಅವರು ಕೆಳಗಿನಿಂದ.

"ಗಾಲಿರಿ. ನಿಮ್ಮವ್ವಗ ಅಡ್ಡ ಆಗ್ಯದ."

"ನನಗ ಅಡ್ಡ ಆದ್ರ ನಡೀತದ?"

"ಜರಾ ಸರೀರಿ."

ಗೊಣಗುತ್ತ ಸರಿದರು.

ಮುಂದಿನ ನಟ್ಟೊಂದು ಜಗ್ಗಲಿಲ್ಲ. ಪಾನಾದ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ ಎಳೆಯುತ್ತೇನೆಂದರು. ನಾನು ಆಗ ಗೋಡೆಯ ಹತ್ತಿರ ನಿಂತಿದ್ದೆ. ಮೊದಲು ಕಾರಿನ ಮಾಡು ಸ್ವಲ್ಪ ಅತ್ತಿತ್ತ ಆಡಿದ್ದು ಕಂಡೆ. ಆಮೇಲೆ ಸದ್ದು. ಖಣಿಯಲ್ಲಿ ಉಳಿ ಬಡಿದು ಕಲ್ಲಿನ ಪದರ ಬಿಡಿಸುವಾಗ ಬರುತ್ತದಲ್ಲ, ಅಂಥ ಸಣ್ಣ, ಒಣ ಸದ್ದು. ಮುಂದಿನ ಗುಡ್ಡೆಯ ಮೇಲುಗಲ್ಲು ನಡುವೆ ಎರಡಾಯಿತು. ಉಳಿದ ಕಲ್ಲುಗಳು ಹೊರಕ್ಕೆ ಜಾರಿದವು. ಕಾರಿನ ಮುಂಭಾಗ ಕುಸಿಯಿತು.

ಪಾದಗಳು ಒಮ್ಮೆ ಝಾಡಿಸಿ ನಿಂತವು.

ನಾನು ಚೀರಿದೆನಂತೆ. ಅತ್ತೆ ಹಾಗೆನ್ನುತ್ತಾರೆ, ನನಗೆ ನೆನಪಿಲ್ಲ. ನನಗೆ ನೆನಪಿರುವುದು ಆ ಪಾದಗಳು, ಬಲಗಾಲಿನ ಹೆಬ್ಬೆರಳಿಗೆ ಮೆತ್ತಿದ್ದ ಎಣ್ಣೆ, ಮತ್ತು ಅವು ಅಲುಗದೆ ಇದ್ದದ್ದು. ಹತ್ತಿರ ಹೋಗಬೇಕೆಂದು ಗೊತ್ತಿತ್ತು. ಹೋಗಿ ಬಗ್ಗಿದರೆ ಏನು ಕಾಣುವುದೋ ಅದು ಬೇಡವಾಗಿತ್ತು.

ಆಗ ಕೆಳಗಿನಿಂದ ಮಾತು ಬಂತು. ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ.

"ಏ... ಪಾನಾ ಬಿತ್ತು."

ಬಗ್ಗಿದೆ. ಕಾರಿನ ಅಂಚು ಸ್ಟೆಪ್ನಿಯ ಟಯರಿನ ಮೇಲೆ ಕೂತಿತ್ತು. ರಬ್ಬರು ತಗ್ಗಿತ್ತು. ಅದರಾಚೆ ಅವರ ಮುಖ ಅತ್ತ ತಿರುಗಿತ್ತು.

"ಎಲ್ಲಿ ಬಡಿತ್ರಿ?"

"ಎಲ್ಲೂ ಇಲ್ಲ. ಡಬ್ಬಿ ಎದಿ ಮ್ಯಾಲ ಅದ. ಒತ್ತಾಕತ್ತಿಲ್ಲ, ಮುಟ್ಟಾಕತ್ತದ, ಅಷ್ಟ." ಉಸಿರನ್ನು ಸಣ್ಣಗೆ ಎಳೆದುಕೊಳ್ಳುತ್ತಿದ್ದರು. "ಜಾಕ್ ತಗೊಂಬಾ. ಓಡಬ್ಯಾಡ."

ಓಡಲಿಲ್ಲ. ಜಾಕ್ ತಂದೆ. ಹಿಡಿ ಸಿಕ್ಕಿಸಲು ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಕಾಕಾ ಬಂದರು. ವಾಡಿ ಸ್ಟೇಶನ್ನಿನಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಏನೂ ಕೇಳದೆ ನನ್ನ ಕೈಯಿಂದ ಹಿಡಿ ತೆಗೆದುಕೊಂಡು ತಿರುವಿದರು. ಕಾರು ಕೂದಲೆಳೆಯಷ್ಟಷ್ಟೇ ಏರಿತು. ನನ್ನ ಗಂಡ ಬೆನ್ನ ಮೇಲೆ ತೆವಳುತ್ತ ಈಚೆ ಬಂದರು. ಅಂಗಿಯ ಎದೆಯ ಮೇಲೆ ತುಕ್ಕಿನದೊಂದು ಗೆರೆ ಇತ್ತು.

ಅತ್ತೆ ಹಿಟ್ಟಿನ ಕೈಯಲ್ಲೇ ಮಗನ ಬೆನ್ನಿಗೆ ಬಾರಿಸಿದರು. "ಏ ಭಾಡ್ಯಾ! ನಿನ್ನ ಕಾರಿಗಿ ಬೆಂಕಿ ಹತ್ತಲಿ!" ಎಂದು ಮತ್ತೊಂದು ಕೊಟ್ಟು, ಅದೇ ಕೈಯಿಂದ ತಲೆ ಸವರಿದರು. ಕೂದಲಿಗೆಲ್ಲ ಹಿಟ್ಟು ಹತ್ತಿತು.

"ಕಾರ್ಖಾನ್ಯಾಗೂ ಹಿಂಗೇ ಮಾಡ್ತೀಯೇನೋ ತಮ್ಮಾ?" ಎಂದರು ಕಾಕಾ.

"ಅಲ್ಲಿ ಕಟ್ಟಿಗಿ ದಿಮ್ಮಿ ಇಟ್ಟು, ಸಾಹೇಬ್ರು ಬಂದು ನೋಡಿ ಹ್ಞೂಂ ಅಂದ ಮ್ಯಾಲೇ ಕೆಳಗ ಹೋಗೂದ್ರಿ ಕಾಕಾ."

"ಮತ್ತ ಮನ್ಯಾಗ?"

ಅವರು ಒಡೆದ ಕಲ್ಲನ್ನು ನೋಡಿದರು. "ಮನ್ಯಾಗ ಕಲ್ಲದಾವಲ್ರಿ," ಎಂದರು.

ಹಳೆಯ ಡಬ್ಬಿ ಇನ್ನೂ ಒಂದೇ ನಟ್ಟಿಗೆ ಜೋತುಬಿದ್ದಿತ್ತು. ಇನ್ನು ಮುಟ್ಟಬೇಡಿ, ಆ ಮೆಕ್ಯಾನಿಕ್‌ನನ್ನೇ ಕರೆಸಿ ಎಂದೆ.

"ಅವ ಬಂದ್ರೂ ಇದರ ಕೆಳಗೇ ಮಲಗಬೇಕಲ್ಲ," ಎಂದರು.

ಕಾಕಾನ ಮನೆಯ ಮುಂದೆ ಕೂರಲು ಇಟ್ಟುಕೊಂಡಿದ್ದ, ಹಳಿಗಳ ಅಡಿಗೆ ಹಾಕುವ ಹಳೆಯ ರೈಲ್ವೆ ಸ್ಲೀಪರಿನ ಮರದ ತುಂಡುಗಳಿದ್ದವು. "ಹಗುರಕ ತಗೊಂಡು ಹೋಗ್ರಿ, ಸಂಜಿಗಿ ನಾ ಎಲ್ಲಿ ಕುಂದರ್ಲಿ?" ಎನ್ನುತ್ತಲೇ ತಾವೂ ಒಂದು ತುದಿ ಹಿಡಿದರು. ಅವನ್ನು ಅಡ್ಡಡ್ಡಲಾಗಿ ಪೇರಿಸಿ ಕಾರು ಇಳಿಸಿದೆವು. ಈ ಸಲ ಜಾಕ್ ತೆಗೆಯಲಿಲ್ಲ. ಗಾಲಿಯನ್ನೂ ತೆಗೆಯಲಿಲ್ಲ.

ಅವರು ಮತ್ತೆ ಕೆಳಗೆ ಹೋದರು. ನಾನು ನೆಲದ ಮೇಲೆ ಕೂತು ಅವರ ಪಾದದ ಗೆಣ್ಣು ಹಿಡಿದುಕೊಂಡೆ.

"ಕಾಲ ಬಿಡ, ತುರಸ್ತದ."

"ತುರಸ್ಲಿ."

ನಟ್ಟು ಬಿಟ್ಟಿತು. ಹಳೆಯ ಡಬ್ಬಿ ಇಳಿಯಿತು. ಒಳಗಿನ ಚೂರುಗಳು ಬೂದಿಯಂತೆ ಸುರಿದವು. ಹೊಸದಕ್ಕೆ ವಾಷರ್ ಇಟ್ಟು, ಎತ್ತಿ ಹಿಡಿದು, ನಟ್ಟುಗಳನ್ನು ಬಿಗಿದು, ಮುಂದಿನ ಗಾಲಿ ಕೂಡಿಸಿ, ಕಾರು ನೆಲಕ್ಕಿಳಿಸಿ ಚಾಲೂ ಮಾಡಿದರು. ಎಂಜಿನ್ ಸದ್ದು ಮೆತ್ತಗಾಗಿತ್ತು. ಕಾಕಾ ತಲೆಯಾಡಿಸಿದರು. ನನಗೆ ಕೇಳಿಸುತ್ತಿದ್ದುದು ಆ ಒಣ ಸದ್ದು.

ಊಟವಾದ ಮೇಲೆ ಅಡ್ಡಾದೆ. ತಲೆಯ ಮೇಲೆ ಗೋಡೆಯಿಂದ ತೊಲೆಗೆ, ತೊಲೆಯಿಂದ ಗೋಡೆಗೆ ಚಾಚಿದ ಹಾಸುಗಲ್ಲುಗಳು. ಮದುವೆಯಾಗಿ ಬಂದಾಗಿನಿಂದ ಅವುಗಳ ಕೆಳಗೇ ಮಲಗುತ್ತಿದ್ದೇನೆ. ಎದ್ದು ಅಂಗಳಕ್ಕೆ ಹೋದೆ. ಅವರೂ ಅಲ್ಲೇ ಇದ್ದರು. ಸ್ಟೆಪ್ನಿಯನ್ನು ಡಿಕ್ಕಿಗೆ ಹಾಕಲು ಎತ್ತುತ್ತಿದ್ದರು.

"ಇರ್ಲಿ ಬಿಡ್ರಿ," ಎಂದೆ.

ಬಿಟ್ಟರು. ಅದು ಅತ್ತೆ ತೊಳೆದ ಜಾಗದಲ್ಲೇ ಮಲಗಿತು. ಮರುದಿನ ಅತ್ತೆ ಅದರ ಸುತ್ತ ಸೀರೆ ಹಾಸಿ ಸಂಡಿಗೆ ಇಟ್ಟರು. ಹೊಲಸೆಂದು ಒಂದು ಮಾತೂ ಆಡಲಿಲ್ಲ. ಅದರ ಮೇಲೆ ಕೂತ ಕಾಗೆಯನ್ನು ಮಾತ್ರ ಓಡಿಸಿದರು.

ಮುಂದೆ ಚಿಂಚೋಳಿಗೆ ಹೊರಟಾಗಲೂ ಅದು ಅಂಗಳದಲ್ಲೇ ಇತ್ತು. ಸೇಡಂ ಆಚೆಯ ಆ ಏರನ್ನು ಕಾರು ಉಸಿರೆತ್ತದೆ ಹತ್ತಿತು. ಅಷ್ಟು ದೂರ ಬಂದ ಮೇಲೆ ಅವರಿಗೆ ನೆನಪಾಯಿತು.

"ಏ, ಸ್ಟೆಪ್ನಿ ಮನ್ಯಾಗೇ ಅದ. ಪಂಕ್ಚರ್ ಆದ್ರ?"

"ನಡಕೊಂಡು ಹೋಗಮ್ರಿ," ಎಂದೆ.