ಬಸವನಹುಳುಗಳಿಗೆ ಉಣಿಸಿದವರು

ಬಸವಕಲ್ಯಾಣದ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಕಿತ್ತಳೆ ಬಣ್ಣದ ಒಂದೇ ಒಂದು ಮೀನು. ಸಹೋದ್ಯೋಗಿಯೊಬ್ಬರು ವರ್ಗವಾಗಿ ಹೋಗುವಾಗ ಅದನ್ನು ನನಗೆ ಒಪ್ಪಿಸಿಹೋದರು. ಮೀನು ಒಂಟಿಯಾಗಿದ್ದರೆ ಏನೂ ಆಗುವುದಿಲ್ಲ ಎಂದರೋ, ಒಂಟಿಯಾಗಿ ಇಡಬೇಡಿ ಎಂದರೋ ಈಗ ಖಚಿತವಿಲ್ಲ. ನನಗೆ ಅನುಕೂಲವಾದದ್ದನ್ನೇ ನೆನಪಿಟ್ಟುಕೊಂಡಿರಬೇಕು.

ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ಅಲ್ಲೇ ಮನೆ ಮಾಡಬಹುದಿತ್ತು, ಮಾಡಿದ್ದೆ ಕೂಡ. ಅಲ್ಲಿದ್ದಾಗ ಇಲ್ಲಿರಬೇಕೆನಿಸಿತು, ಇಲ್ಲಿಗೆ ಬಂದ ಮೇಲೆ ಅಲ್ಲಿಯದೇ ವಾಸಿ ಎನಿಸಿತು. ಬಸ್ಸಿನಲ್ಲಿ ಕುಳಿತಿರುವಷ್ಟು ಹೊತ್ತು ಮಾತ್ರ ಎಲ್ಲಿಗೂ ಹೋಗಬೇಕೆನಿಸುವುದಿಲ್ಲ.

ತೊಟ್ಟಿ ಬೋಳಾಗಿ ಕಾಣುತ್ತಿತ್ತೆಂದು ಒಮ್ಮೆ ಮಾಣಿಕನಗರದ ದಾರಿಯಲ್ಲಿರುವ ಮೀನಿನ ಅಂಗಡಿಯಿಂದ ಒಂದು ಹಿಡಿ ನೀರುಗಿಡ ತಂದು ನೆಟ್ಟೆ. ತಂದ ಗಿಡವನ್ನು ಪಟಕದ ನೀರಿನಲ್ಲಿ ನೆನೆಸಿ, ತೊಳೆದು ನೆಡಬೇಕೆಂದು ಆಗ ಗೊತ್ತಿರಲಿಲ್ಲ. ಎಲೆಗಳ ಅಡಿಯಲ್ಲಿ ಅಂಟಿನಂತಹ ಮೊಟ್ಟೆಗಳು ಇದ್ದಿರಬೇಕು. ಸ್ವಲ್ಪ ದಿನಗಳಲ್ಲಿ ಗಾಜಿನ ಮೇಲೆ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಕಂಡವು. ಚುಕ್ಕೆಗಳು ನಡೆಯುತ್ತಿದ್ದವು, ಬಸವನಹುಳುವಿನ ಮರಿಗಳು. ಮೊದಲಿಗೆ ಖುಷಿಯಾಯಿತು, ಮನೆಗೆ ಇನ್ನಷ್ಟು ಜೀವಗಳು ಬಂದವಲ್ಲ ಎಂದು. ಆಮೇಲೆ ಅವು ಗಾಜನ್ನೇ ಮುಚ್ಚಿದವು, ಗಿಡದ ಎಲೆಗಳನ್ನು ಹಿಡಿದವು, ನೀರಿಗೆ ಹಳಸಿದ ಅಂಬಲಿಯ ವಾಸನೆ ಬರತೊಡಗಿತು. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಲ್ಲುತ್ತಿತ್ತು.

ಅಂಗಡಿಯವನಿಗೆ ಹೇಳಿದೆ. ಅವನು ನೀಲಿ ಔಷಧಿಯ ಸೀಸೆಯೊಂದನ್ನು ಮುಂದೆ ಇಟ್ಟ. ಮೇಲಿದ್ದ ಸಣ್ಣ ಅಕ್ಷರ ಓದಿದೆ, ತಾಮ್ರದ ಲವಣ. ಹುಳುಗಳೆಲ್ಲ ಒಂದೇ ಸಲ ಸತ್ತು ಕೊಳೆತರೆ ಮೀನಿನ ಗತಿ ಏನು ಎಂದು ಕೇಳಿದೆ.

"ಅದು ನಸೀಬ್ ಸರ್," ಎಂದ ಅವನು. "ಮೊದಲ ಹೇಳ್ರಿ, ದಿನಾ ಎಷ್ಟು ಹಾಕ್ತೀರಿ?"

"ಬೆಳಿಗ್ಗೆ ಒಂದು ಚಿಟಿಕೆ."

"ಒಂದ ಚಿಟಿಕಿಗಿ ಇಷ್ಟ ಹುಳ ಆಗಲ್ಲ ಬಿಡ್ರಿ. ನೀವು ದಾವತ್ ಕೊಡಾಕತ್ತೀರಿ. ಒಮ್ಮೆ ಹಾಕಿ ಮರತು ಮತ್ತ ಹಾಕ್ತೀರಿ ನೋಡ್ರಿ. ನಿಮ್ಮಂಥಾ ಓದೋ ಮಂದಿದು ಇದೇ ಹಣೇಬರಹ."

ಅವನು ನಕ್ಕ. ನಾನೂ ನಕ್ಕೆ. ಸೀಸೆ ತೆಗೆದುಕೊಳ್ಳದೆ ಬಸ್ ನಿಲ್ದಾಣಕ್ಕೆ ನಡೆದೆ, ಆದರೆ ಮಾತು ಬೆನ್ನು ಬಿಡಲಿಲ್ಲ. ನನ್ನ ತಂದೆ ಕೊನೆಯ ವರ್ಷಗಳಲ್ಲಿ ಉಂಡು ಕೈ ತೊಳೆದು ಬಂದು, ನನಗೆ ಊಟ ಯಾಕೆ ಹಾಕಲಿಲ್ಲ ಎಂದು ಕೇಳುತ್ತಿದ್ದರು. ಮೊದಲು ತಮಾಷೆಗೆ ಎಂದುಕೊಂಡಿದ್ದೆವು. ನಾನು ಈಗ ಅವರಿಗೆ ಆ ಮರೆವು ಶುರುವಾದ ವಯಸ್ಸಿನಲ್ಲಿದ್ದೇನೆ. ತೊಟ್ಟಿಯ ಪ್ರತಿಯೊಂದು ಹುಳುವೂ ನಾನು ಮರೆತ ಒಂದೊಂದು ಬೆಳಗಿನ ಲೆಕ್ಕದಂತೆ ಕಾಣತೊಡಗಿತು.

ಹೆದರಿಕೆಯನ್ನು ನಂಬುವ ಮೊದಲು ಪರೀಕ್ಷಿಸಬೇಕೆನಿಸಿತು. ವಾರಕ್ಕಾಗುವಷ್ಟು ಆಹಾರವನ್ನು ಕಾಗದದ ಪುಡಿಕೆಗಳಲ್ಲಿ ಕಟ್ಟಿ, ದಿನಕ್ಕೊಂದರಂತೆ ವಾರದ ಹೆಸರು ಬರೆದೆ. ಉಳಿದ ಆಹಾರದ ಡಬ್ಬಿಯನ್ನು ಕಾಲೇಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರೆತು ಎರಡನೆಯ ಸಲ ಹಾಕಿದರೆ ಪುಡಿಕೆ ಕಡಿಮೆ ಬಿದ್ದು ಗೊತ್ತಾಗುತ್ತದೆ. ಸಂಜೆ ಬೇಯಿಸಿದ ಸೌತೆಕಾಯಿಯ ಹೋಳನ್ನು ಬಟ್ಟಲಲ್ಲಿಟ್ಟು ತೊಟ್ಟಿಯ ತಳಕ್ಕೆ ಇಳಿಸುತ್ತಿದ್ದೆ. ಬೆಳಿಗ್ಗೆ ಅದಕ್ಕೆ ಮುತ್ತಿಕೊಂಡ ಹುಳುಗಳ ಸಮೇತ ಎತ್ತಿ, ಮಾಳಿಗೆಯ ಬಿಸಿಲಿನಲ್ಲಿದ್ದ ಒಣ ಕುಂಡಕ್ಕೆ ಸುರಿಯುತ್ತಿದ್ದೆ. ಕೊಂದವನು ನಾನಲ್ಲ, ಬಿಸಿಲು ಎಂದುಕೊಳ್ಳುತ್ತಿದ್ದೆ. ಪುಡಿಕೆಗಳು ಸರಿಯಾಗಿ ಒಂದೊಂದೇ ಖಾಲಿಯಾದವು. ಹುಳುಗಳು ಕಡಿಮೆಯಾಗಲಿಲ್ಲ. ತೊಟ್ಟಿಯ ತಳದ ಹರಳುಗಳ ನಡುವೆ ಬಿಳಿ ಹಿಟ್ಟಿನಂಥದ್ದೇನೋ ಸಿಕ್ಕಿಕೊಂಡಿರುತ್ತಿತ್ತು. ಬೂಷ್ಟು ಎಂದು ತಿಳಿದೆ.

ಒಂದು ದಿನ ಕಾಲೇಜಿನ ಪರೀಕ್ಷೆ ಮುಂದಕ್ಕೆ ಹೋಗಿ, ಮಧ್ಯಾಹ್ನವೇ ಊರಿಗೆ ಮರಳಿದೆ. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಮನೆಯ ಮಾಲಕಿ, ಎಪ್ಪತ್ತು ದಾಟಿದ ಅವ್ವ, ತೊಟ್ಟಿಯ ಮುಂದೆ ನಿಂತು ಜೋಳದ ರೊಟ್ಟಿಯನ್ನು ಮುರಿದು ನೀರಿಗೆ ಉದುರಿಸುತ್ತಿದ್ದರು. ಅವರು ಕೆಳಗಿನ ಮನೆಯಲ್ಲಿ ಮಗ ಸೊಸೆಯೊಂದಿಗೆ ಇರುವವರು.

"ಬರ್ರಿ ಮಾಸ್ತರ್ರ. ಇವತ್ತ ಲಗೂ ಬಂದೀರಿ," ಎಂದರು, ನಾನೇ ಅವರ ಮನೆಗೆ ಬಂದವನಂತೆ.

"ಇದೇನ್ರಿ ಅವ್ವಾ?"

"ಮೀನಿಗಿ ಹಾಕಾಕತ್ತೇನಿ. ಪೂಜಿ ಆದ ಮ್ಯಾಲ ಒಂದು ಜೀವಕ್ಕ ತುತ್ತು ಹಾಕಿನೇ ನಾ ಉಣ್ಣಾಕಿ. ಮೊದಲ ಕೆರಿಗಿ ಹೋಗಿ ಹಾಕತಿದ್ದೆ. ಈಗ ಮೊಣಕಾಲು ಬ್ಯಾಡ ಅಂತದ. ಇದು ಮನ್ಯಾಗೇ ಅದ, ಛಲೋ ಆತು."

ಎಷ್ಟು ದಿನಗಳಿಂದ ಎಂದು ಕೇಳಿದೆ.

"ನೀವೇ ಹೇಳೀರಲ್ರಿ," ಎಂದರು ಅವರು, ನನ್ನ ಮುಖ ನೋಡುತ್ತ. "ದೀಪಾವಳಿ ಸೂಟಿಗಿ ಹೊಂಟಾಗ. ನಮ್ಮ ಹೊಸ್ತಿಲದಾಗ ಕುಂತು ಚಾ ಕುಡಿದ್ರಿ. ಅವ್ವಾ, ಆ ಮೀನಿಗಿ ಯಾರೂ ಇಲ್ಲ, ಜರಾ ನೋಡ್ಕೋರಿ ಅಂದ್ರಿ. ನಾ ನಕ್ಕೆ. ನಿಮಗರ ಯಾರದಾರಪಾ ಅಂದೆ."

ನನಗೆ ಇದ್ಯಾವುದೂ ನೆನಪಿರಲಿಲ್ಲ. ರಜೆಗೆ ಹೋದದ್ದು ನೆನಪಿತ್ತು, ಮಳೆಯಿಲ್ಲದಿದ್ದರೂ ಕೊಡೆ ಹಿಡಿದು ಹೋದದ್ದು ಕೂಡ. ಕೀಲಿಕೈ ಕೊಟ್ಟದ್ದಿಲ್ಲ, ಆದರೆ ಮಾಲಕಿಯ ಬಳಿ ಇನ್ನೊಂದು ಇರುವುದು ಸಹಜ, ಅದರಿಂದ ಏನೂ ಸಾಬೀತಾಗುವುದಿಲ್ಲ. ಹೊಸ್ತಿಲು, ಚಹಾ, ಆ ಮಾತು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮೀನಿಗೆ ಯಾರೂ ಇಲ್ಲ ಎಂಬ ಮಾತನ್ನು ನಾನು ಆಡುವವನಲ್ಲ. ಅಂಥ ಮಾತು ಬಾಯಿಗೆ ಬಂದರೂ ನುಂಗುವವನು. ಆದರೆ ಅವ್ವ ಕಟ್ಟಿ ಹೇಳುವವರೂ ಅಲ್ಲ. ಎರಡು ಸಲ ಉಣಿಸಿದವನು ನಾನಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ, ಅದಕ್ಕಿಂತ ದೊಡ್ಡದನ್ನು ಮರೆತಿದ್ದೇನೆಂದು ಗೊತ್ತಾಯಿತು.

ಉಣಿಸುವುದನ್ನು ನಿಲ್ಲಿಸಿ ಎನ್ನಲಾಗಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಆ ಕೋಣೆಗೆ ದಿನವೂ ಯಾರೋ ಬಂದು ಹೋಗುತ್ತಿದ್ದರು ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಮರುದಿನ ಆಹಾರದ ಡಬ್ಬಿಯನ್ನು ಕಾಲೇಜಿನಿಂದ ತಂದು ಅವರ ಕೈಗೇ ಕೊಟ್ಟೆ.

"ರೊಟ್ಟಿ ಅದಕ್ಕೆ ಅರಗುವುದಿಲ್ಲ ಅವ್ವಾ. ಇದರಲ್ಲಿ ಒಂದೇ ಚಿಟಿಕೆ. ಇನ್ನು ನೀವೇ ಹಾಕಿ, ನಾನು ಹಾಕುವುದಿಲ್ಲ."

"ಇದೇನ್ರಿ, ಮಣ್ಣಿನಂಗದ," ಎಂದು ಮೂಸಿ ನೋಡಿದರು. "ಹೋಗ್ಲಿ. ಅದರ ಊಟ ಅದಕ್ಕ."

ಹರಳುಗಳನ್ನು ತೊಳೆದೆ. ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಿದೆ. ಸೌತೆಕಾಯಿಯ ಹೋಳಿಗೆ ಅಂಟಿ ಬರುವ ಹುಳುಗಳು ಬರಬರುತ್ತ ವಿರಳವಾದವು. ಗಾಜಿನಾಚೆ ಮೀನು ಪೂರ್ತಿ ಕಾಣುವಂತಾಯಿತು.

ಮೊನ್ನೆ ಸಂಜೆ ಬಸ್ಸಿಳಿದು ಬಂದಾಗ ಅವ್ವ ಮೆಟ್ಟಿಲ ಮೇಲೆ ಕುಳಿತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಮೀನಿಗೆ ಹಾಕಿದಿರಾ ಎಂದು ಕೇಳಿದೆ.

"ಹಾಕೀನೋ ಏನೋ, ನೆಪ್ಪಿಲ್ರಿ," ಎಂದರು, ಸೊಪ್ಪಿನಿಂದ ತಲೆ ಎತ್ತದೆ. "ಹಾಕಿಲ್ಲಂದ್ರ ಇವತ್ತ ಒಪ್ಪತ್ತು ಮಾಡ್ಲಿ ಬಿಡ್ರಿ. ಸೋಮವಾರ ಅದ."

"ಇವತ್ತು ಬುಧವಾರ ಅವ್ವಾ."

"ಹೌದೇನ್ರಿ?" ಎಂದು ನಕ್ಕರು. "ಈ ತಲಿ ಕಡೀಕ ಬಂದದ ನೋಡ್ರಿ."

ವಾರವನ್ನೇ ಮರೆಯುವವರ ಮಾತಿನ ಮೇಲೆ ನಾನು ನನ್ನನ್ನು ಮರೆಗುಳಿ ಎಂದು ತೀರ್ಮಾನಿಸಿಕೊಂಡಿದ್ದೆ. ಆ ದೀಪಾವಳಿಯ ಮಾತು ಬೇರೆ ಯಾವನೋ ಬಾಡಿಗೆದಾರನದಿರಬಹುದು, ಅಥವಾ ಯಾರದೂ ಅಲ್ಲದಿರಬಹುದು. ಇಷ್ಟು ದಿನ ಬಯಸಿದ್ದ ಬಿಡುಗಡೆ ಮೆಟ್ಟಿಲ ಮೇಲೆಯೇ ಸಿಕ್ಕಿತ್ತು. ಹಗುರವಾಗಬೇಕಿತ್ತು. ಆದರೆ ಅವರು ತಪ್ಪಿದ್ದರೆ, ನಾನು ಯಾರದೋ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿದದ್ದೂ, ನಿಮಗಾದರೂ ಯಾರಿದ್ದಾರಪ್ಪಾ ಎಂದು ಒಬ್ಬರು ನನ್ನನ್ನು ಕೇಳಿದ್ದೂ ನಡೆದೇ ಇಲ್ಲ. ಮೆಟ್ಟಿಲು ಹತ್ತದೆ ಅಲ್ಲೇ ನಿಂತೆ.

"ಅವ್ವಾ, ಆವತ್ತು ನಿಮ್ಮ ಮನೆಯಲ್ಲಿ ನಾನು ಚಹಾ ಕುಡಿದದ್ದು ಖರೆಯೇನು?"

"ಕುಡಿದಿಲ್ಲೇನ್ರಿ ಮತ್ತ? ಸಕ್ರಿ ಕಮ್ಮಿ ಆತು ಅಂದಿದ್ರಿ. ನನ್ನ ಸೊಸಿಗಿ ಸಿಟ್ಟು ಬಂದಿತ್ತು."

ಅವರ ಕೈ ಸೊಪ್ಪಿನಲ್ಲಿ ಆಡುತ್ತಲೇ ಇತ್ತು. ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ಹೌದು ಅವ್ವಾ," ಎಂದೆ. "ಅಂದಿದ್ದೆ."