ಮಲಕಪ್ಪ ಮಾಸ್ತರರ ಪಟ್ಟಿ

ಆಳಂದದ ಮಲಕಪ್ಪ ಮಾಸ್ತರರು ತಮ್ಮ ಮನೆಯ ಕಂಪ್ಯೂಟರಿಗೆ ಖಾಸಾ ಡಾಕ್ಟರು. ಬಟನ್ ಒತ್ತಿದರೂ ಅದು ಏಳದಿದ್ದರೆ ಪೆಟ್ಟಿಗೆಗೆ ಕಿವಿ ಹಚ್ಚಿ, "ಜೀವ ಅದ" ಎನ್ನುತ್ತಾರೆ. ರ‍್ಯಾಮ್ ಕಿತ್ತು ರಬ್ಬರಿನಿಂದ ತಿಕ್ಕುತ್ತಾರೆ. ಆಮೇಲೆ ಹಳೆಯ ಹಾಜರಿ ಪುಸ್ತಕದಲ್ಲಿ ಬದಲಿಸಬೇಕಾದ ಭಾಗಗಳ ಪಟ್ಟಿ ಬೆಳೆಸುತ್ತಾರೆ. ಅದಕ್ಕೆ ಇನ್ನೂ ಸೇರದೆ ಉಳಿದಿರುವುದು ಮೌಸಿನ ಕೆಳಗಿನ ರಟ್ಟು ಮಾತ್ರ. ಮೊನ್ನೆ ರಿಪೇರಿಯ ಸಿಕಂದರ ಪೆಟ್ಟಿಗೆ ಬಿಚ್ಚಿ ನಕ್ಕುಬಿಟ್ಟ. "ಏನೂ ಬದಲಿಸೂದು ಬ್ಯಾಡ್ರಿ ಮಾಸ್ತರ್ರ. ಫ್ಯಾನ್ ತುಂಬ ವಿಭೂತಿ ಕೂತದ. ಮನ್ಯಾಗ ದಿನಾ ಹಚ್ಚೂದು ಬಂದ್ ಮಾಡಸ್ರಿ." ಮಾಸ್ತರರು ಗಾಬರಿಯಿಂದ ಅಡುಗೆಮನೆಯತ್ತ ನೋಡಿದರು. ಅವರ ಎದೆಯ ಆಪರೇಷನ್ ಆದಂದಿನಿಂದ ಹೆಂಡತಿ ನೀಲಮ್ಮ, ಗಂಡ ಮುಟ್ಟುವ ವಸ್ತುವಿಗೆಲ್ಲ ಬೆಳಗ್ಗೆ ವಿಭೂತಿ ಹಚ್ಚುತ್ತಾಳೆ. "ಮೆಲ್ಲಕ ಮಾತಾಡಪಾ," ಎಂದರು ಮಾಸ್ತರರು, "ಹೊಸಾ ಮಷೀನೇ ತಂದುಬಿಡು. ವಿಭೂತಿ ತಡಕೊಳ್ಳುವಂಥಾದು ನೋಡಿ ತಾ."